ಆಗದ ವರ್ಗ, ಹೋಗದ ಶೃಂಗೇರಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ಕನ್ನಡದಲ್ಲಿ ಒಂದೇ ಶಬ್ದಕ್ಕೆ ಮೂರು ಕಡೆ ಕೆಲಸ ಕೊಟ್ಟ ಪುಣ್ಯಾತ್ಮರು ಯಾರಿದ್ದಾರೋ ಅವರದು. ಮಕ್ಕಳು ಕೂತು ಪಾಠ ಕೇಳುವುದೂ ವರ್ಗ. ಸರ್ಕಾರಿ ನೌಕರನನ್ನು ಗಂಟುಮೂಟೆ ಸಮೇತ ಊರಿಂದೂರಿಗೆ ಎತ್ತಿ ಹಾಕುವುದೂ ವರ್ಗ. ಮೂರನ್ನು ಮೂರರಿಂದ ಗುಣಿಸಿದರೆ ಬರುವ ಒಂಬತ್ತೂ ವರ್ಗ! ಯಾಕೆ, ನಮ್ಮ ಭಾಷೆಯಲ್ಲಿ ಶಬ್ದಗಳಿಗೇನು ಬರಗಾಲವೇ? ಚೊಕ್ಕವಾಗಿ ಚೌಕ ಎನ್ನಬಹುದಿತ್ತಲ್ಲ? ಹಾಗಂದಿದ್ದರೆ ರಾಜಾಜಿನಗರದ ಬೀದಿಯ ಜನರೆಲ್ಲ ಸೇರಿ ನನ್ನ ಮಂಚ, ಟ್ರಂಕು ಮತ್ತು ಮರ್ಯಾದೆಯನ್ನು ಅಂಗಳದಲ್ಲಿ ನೋಡುವ ಭಾಗ್ಯ ತಪ್ಪುತ್ತಿತ್ತು.

ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವನು. ಎಷ್ಟನೇ ದರ್ಜೆ ಎಂದು ಕೇಳಬೇಡಿ, ಪಾಸಾದವನಿಗೆ ಆ ಪ್ರಶ್ನೆ ಅವಮಾನ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಗಣಿತದ ಸಹವಾಸ ಕಡಿಮೆಯಾಗಿತ್ತು, ನಿಜ. ಆದರೆ ಈಜು ಬಂದವನಿಗೆ ಮರೆತು ಹೋಗುತ್ತದೆಯೇ? ಇದೇ ನನ್ನ ನಂಬಿಕೆಯಾಗಿತ್ತು.

ನಾವು ಆಗ ನಂಜುಂಡಪ್ಪ ಎಂಬವರ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಆ ಅಡುಗೆಮನೆಯ ಒಳಗೇ ಒಂದು ನಲ್ಲಿ! ಎಂಬತ್ತರ ದಶಕದ ಬೆಂಗಳೂರಿನಲ್ಲಿ ಒಳಗಿರುವ ನಲ್ಲಿ ಎಂದರೆ ಏನೆಂದು ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಜಗಳವಾಡಿದವರಿಗೇ ಗೊತ್ತು. ನನ್ನ ಹೆಂಡತಿ ಸರೋಜ ತನ್ನ ತವರಿನವರ ಮುಂದೆ ನನ್ನ ಬಗ್ಗೆ ಹೇಳಿಕೊಳ್ಳಲು ಏನೂ ಇಲ್ಲದಾಗ ನಲ್ಲಿಯ ಬಗ್ಗೆ ಹೇಳಿಕೊಳ್ಳುತ್ತಿದ್ದಳು. ಮಗಳು ಗೀತಾ ಆ ವರ್ಷ ಎಸ್ಸೆಸ್ಸೆಲ್ಸಿ, ಶಾಲೆ ನಡೆದು ಹೋಗುವಷ್ಟು ಹತ್ತಿರ. ಈ ಮನೆ ಕೈತಪ್ಪಿದರೆ ನಮಗೆ ಗತಿ ನಾಗರಬಾವಿಯೋ ಮಲ್ಲತ್ತಹಳ್ಳಿಯೋ. ಅಲ್ಲಿಂದ ಬರುವ ಬಸ್ಸಿಗೆ ಕಾಯುವಷ್ಟರಲ್ಲಿ ಹುಡುಗಿಯ ಪರೀಕ್ಷೆಯೇ ಮುಗಿದಿರುತ್ತಿತ್ತು. ಆದ್ದರಿಂದ ನಮ್ಮ ಸಂಸಾರದ ಒಂದೇ ಧ್ಯೇಯ, ಆ ಮನೆ ಬಿಡಬಾರದು.

ನಂಜುಂಡಪ್ಪನವರ ಒಂದೇ ಧ್ಯೇಯ, ನಾವು ಬಿಡಬೇಕು. ಕೆಟ್ಟವರಲ್ಲ, ಪಾಪ. ಅವರ ಅಪ್ಪನ ಕಾಲದ ರಾಗಿ ಹೊಲದ ಮೇಲೇ ನಮ್ಮ ಬೀದಿ ಎದ್ದಿರುವುದು. ಹೊಲವೆಲ್ಲ ಹೋಗಿ ಉಳಿದ ಒಂದು ಸೈಟಿನಲ್ಲಿ ಮನೆ ಕಟ್ಟಿ, ಮುಂದೆ ತಾವಿದ್ದು ಹಿಂದಿನದನ್ನು ಬಾಡಿಗೆಗೆ ಕೊಟ್ಟಿದ್ದರು. ಒಮ್ಮೆ ಕೂತ ಬಾಡಿಗೆದಾರನನ್ನು ಬ್ರಹ್ಮ ಬಂದರೂ ಎಬ್ಬಿಸಲಾರ ಎಂಬ ಭಯ ಆಗ ಎಲ್ಲ ಮಾಲೀಕರಿಗೂ ಇತ್ತು. ಅದಕ್ಕೇ ಅವರು ವರ್ಗವಾಗುವ ನೌಕರಿಯವರಿಗೆ ಮಾತ್ರ ಮನೆ ಕೊಡುತ್ತಿದ್ದರು. ನಮಗೂ ಮೊದಲ ಪ್ರಶ್ನೆಯೇ ಅದು. ಆಗುತ್ತೆ ಎಂದಿದ್ದೆ. ಸರ್ಕಾರ ನನ್ನನ್ನು ಮರೆತರೆ ನಾನೇನು ಮಾಡಲಿ? ಪ್ರತಿ ಯುಗಾದಿಗೂ ಬೇವುಬೆಲ್ಲ ಕೊಡುತ್ತಾ ಅವರು ವರ್ಗದ ಸಮಾಚಾರ ವಿಚಾರಿಸುವುದು, ನಾನು ಇನ್ನೂ ಇಲ್ಲ ಎನ್ನುವುದು, ಅವರ ಬಾಯಲ್ಲಿ ಬರೀ ಬೇವು ಉಳಿಯುವುದು. ನಂದಿನಿ ಲೇಔಟಿನಲ್ಲಿದ್ದ ಮಗಳು ಅಳಿಯನನ್ನು ಕರೆತಂದು ಹಿಂದಿನ ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ಆಸೆ.

ಹೀಗಿರುವಾಗ ಗೀತಾ ಗಣಿತದ ಟೆಸ್ಟಿನಲ್ಲಿ ಒಂದು ಲೆಕ್ಕಕ್ಕೆ ಸೊನ್ನೆ ತಂದಳು. ಎಕ್ಸ್ ವರ್ಗ ಮೈನಸ್ ಆರು ಎಕ್ಸ್ ಪ್ಲಸ್ ಹನ್ನೊಂದು. ಇದನ್ನು ವರ್ಗ ಪೂರ್ಣಗೊಳಿಸಿ ಶೃಂಗರೂಪದಲ್ಲಿ ಬರೆಯಬೇಕಂತೆ. ಗ್ರಾಫ್ ಹಾಳೆಯ ಮೇಲೆ ಈ ಲೆಕ್ಕವನ್ನು ಬಿಡಿಸಿದರೆ ಬಾಣಲೆಯಂಥ ಒಂದು ಗೆರೆ ಬರುತ್ತದೆ. ಆ ಬಾಣಲೆಯ ತಳದ ಬಿಂದುವಿಗೆ ಶೃಂಗ ಎಂದು ಹೆಸರು. ತಳಕ್ಕೆ ಶೃಂಗ! ಇದು ಇನ್ನೊಂದು ಅನ್ಯಾಯ, ಇರಲಿ.

ಪಕ್ಕದ ಕ್ರಾಸಿನಲ್ಲಿ ಯಾರೋ ಮೇಷ್ಟ್ರು ಟ್ಯೂಷನ್ ಹೇಳುತ್ತಾರಂತೆ, ಕಳಿಸೋಣವೇ ಎಂದು ಸರೋಜ ಕೇಳಿದಳು. ನನಗೆ ಮೈಯೆಲ್ಲ ಉರಿದು ಹೋಯಿತು. ಮನೆಯಲ್ಲೇ ಗಣಿತದ ಪದವೀಧರ ಇರುವಾಗ ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಪಕ್ಕದ ಕ್ರಾಸಿಗೆ ಹೋಗುವುದೇ? ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೊಟ್ಟರೆ ಸಾಕು, ಹುಡುಗಿ ಜನ್ಮದಲ್ಲಿ ಮರೆಯದ ಹಾಗೆ ಹೇಳಿಕೊಡುತ್ತೇನೆ ಎಂದು ಘೋಷಿಸಿದೆ. ಮರೆಯದ ಹಾಗೆ ಹೇಳಿಕೊಟ್ಟೆ ಎಂಬುದರಲ್ಲಿ ಈಗಲೂ ಎರಡು ಮಾತಿಲ್ಲ.

ಭಾನುವಾರ ಬಾಗಿಲ ಮುಂದಿನ ಕಟ್ಟೆಯ ಮೇಲೆ ಸ್ಲೇಟು ಹಿಡಿದು ಕೂತೆ. ಆರರ ಅರ್ಧ ಮೂರು. ಮೂರರ ವರ್ಗ ಒಂಬತ್ತು. ಒಂಬತ್ತನ್ನು ಸೇರಿಸಿದೆ. ಮೊದಲ ಭಾಗವೆಲ್ಲ ಕೂಡಿ ಎಕ್ಸ್ ಮೈನಸ್ ಮೂರರ ವರ್ಗ ಆಯಿತು. ಹೊರಗೆ ಉಳಿದದ್ದು ಹನ್ನೊಂದು. ಮುಗಿಯಿತು! ಬೆರಳಿಗಂಟಿದ ಬಳಪದ ಪುಡಿ ಕೊಡವಿಕೊಂಡು ಕಾಫಿಗೆ ಕೂಗು ಹಾಕಿದೆ.

"ಅಪ್ಪ, ಆ ಒಂಬತ್ತು ಎಲ್ಲಿಂದ ಬಂತು?" ಎಂದಳು ಗೀತಾ.

"ನಾವೇ ಸೇರಿಸಿದ್ದು ಕಣೇ."

"ಹಂಗೆ ಸುಮ್ನೆ ಸೇರಿಸಿಬಿಟ್ರೆ ಲೆಕ್ಕಾನೇ ಬದಲಾಗಲ್ವಾ?"

ದೊಡ್ಡವರು ಹೇಳುವಾಗ ಇಂಥ ಸಣ್ಣ ಪ್ರಶ್ನೆ ಕೇಳಬಾರದು ಎಂದೆ. ಅವಳು ಪುಸ್ತಕದ ಹಿಂದಿನ ಉತ್ತರ ತೆಗೆದು ಮುಂದಿಟ್ಟಳು. ಅಲ್ಲಿ ಎಕ್ಸ್ ಮೈನಸ್ ಮೂರರ ವರ್ಗ ಪ್ಲಸ್ ಎರಡು ಎಂದಿತ್ತು. ಎರಡಂತೆ ಎರಡು! ನನ್ನ ಹನ್ನೊಂದರಲ್ಲಿ ಒಂದು ಒಂದನ್ನು ಇನ್ನೊಂದು ಒಂದಕ್ಕೆ ಕೂಡಿಸಿಬಿಟ್ಟಿದ್ದಾರೆ, ಅಚ್ಚಿನ ತಪ್ಪು ಎಂದು ತೀರ್ಪು ಕೊಟ್ಟೆ. ಮಕ್ಕಳ ಪುಸ್ತಕದಲ್ಲಿ ಇಂಥ ಬೇಜವಾಬ್ದಾರಿಯೇ ಎಂದು ರೇಗಿದೆ. ಗೀತಾ ಏನೋ ಗೊಣಗಿ ಎದ್ದು ಅಡುಗೆಮನೆಗೆ ಹೋದಳು. ನನಗೆ ಹಟ ಹತ್ತಿತು. ವರ್ಗ ಪೂರ್ತಿ ಆಗಲೇಬೇಕು, ಅದಾಗುವವರೆಗೆ ಇಲ್ಲಿಂದ ಏಳುವುದಿಲ್ಲ ಎಂದು ಕೂಗಿದೆ. ನನ್ನ ದನಿ ಏರಿದರೆ ಬಸ್ ಸ್ಟಾಪಿನವರೆಗೆ ಕೇಳುತ್ತದೆ ಎಂದು ಸರೋಜ ಹೇಳುವುದುಂಟು. ಮುಂದಿನ ಜಗುಲಿಯವರೆಗಂತೂ ಕೇಳಿತು.

ನಂಜುಂಡಪ್ಪನವರು ಹಾಡುತ್ತಿದ್ದ ಟ್ರಾನ್ಸಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ನಾನು ಸ್ಲೇಟಿನಿಂದ ತಲೆ ಎತ್ತಲಿಲ್ಲ.

"ಸ್ವಾಮಿ, ವರ್ಗ ಆಯ್ತಾ?"

"ಅರ್ಧ ಆಗಿದೆ. ಪೂರ್ತಿ ಮಾಡೇ ತೀರ್ತೀನಿ."

"ಎಲ್ಲಿಗೆ ಬರ್ತದೆ?"

"ಶೃಂಗಕ್ಕೆ. ಇನ್ನೆಲ್ಲಿಗೆ ಬರುತ್ತೆ?"

"ಎಷ್ಟಕ್ಕೆ?"

"ಮೂರಕ್ಕೆ."

ನಾನು ಹೇಳಿದ್ದು ಶೃಂಗ. ಕಂಕುಳಲ್ಲಿ ಹಾಡುತ್ತಿದ್ದ ಟ್ರಾನ್ಸಿಸ್ಟರಿನ ನಡುವೆ ಅವರ ಕಿವಿಗೆ ಬಿದ್ದದ್ದು ಶೃಂಗೇರಿ. ನಾನು ಹೇಳಿದ ಮೂರು ಎಕ್ಸಿನ ಬೆಲೆ. ಅವರಿಗದು ಬರುವ ತಿಂಗಳ ಮೂರನೇ ತಾರೀಖು. ಅವರು ಆಕಾಶಕ್ಕೆ ಕೈಮುಗಿದು, ಒಳ್ಳೇದಾಗಲಿ ಎಂದು ಹರಸಿ, ಆ ವಯಸ್ಸಿನಲ್ಲೂ ಹೆಚ್ಚುಕಡಿಮೆ ಓಡಿಕೊಂಡೇ ಹೋದರು. ಓದು ಬರಹ ಅಷ್ಟಕ್ಕಷ್ಟೇ ಆದರೂ ಗಣಿತದ ಮೇಲೆ ಎಷ್ಟು ಭಕ್ತಿ ಎಂದು ನನಗೆ ಹೃದಯ ತುಂಬಿ ಬಂತು!

ಮರುದಿನ ಸರೋಜ ಸೊಪ್ಪು ಕೊಳ್ಳಲು ಹೋದಾಗ ಬೀದಿಯ ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರಂತೆ. ಪುಣ್ಯ ಮಾಡಿದ್ರಿ, ದಿನಾ ಶಾರದಮ್ಮನ ದರ್ಶನ ಎಂದು ಒಬ್ಬರು. ಇದ್ದಿಲ ಒಲೆ ಬಿಟ್ಟು ಹೋಗೋದಾದರೆ ನಮಗೇ ಕೊಡಿ ಎಂದು ಇನ್ನೊಬ್ಬರು. ಇಷ್ಟು ದೊಡ್ಡ ಸುದ್ದಿ ಬೀದಿಗೆಲ್ಲ ಗೊತ್ತಿದ್ದು ಕಟ್ಟಿಕೊಂಡ ಹೆಂಡತಿಗೆ ಗೊತ್ತಿಲ್ಲವಲ್ಲ! ಅವಳು ನೇರ ಬಂದದ್ದು ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಲ್ಲಿಗೆ.

"ರೀ, ವರ್ಗದ ವಿಷಯ ನಿಜಾನಾ?"

ಭಾನುವಾರದ ಲೆಕ್ಕದ ಮಾತು ಎತ್ತುತ್ತಿದ್ದಾಳೆ ಎಂದುಕೊಂಡೆ. "ನಿಜ. ಗೀತಾಗೆ ಎಲ್ಲ ಹೇಳಿದೀನಿ. ನಿನಗೆ ಹೇಳಿ ಏನು ಪ್ರಯೋಜನ, ನಿನಗೆ ಅರ್ಥ ಆಗಲ್ಲ."

ಈ ಮಾತಿನ ಫಲ ಏನಾಯಿತು ಎಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ. ಅವತ್ತು ಬೆಳಿಗ್ಗೆ ಉಪ್ಪಿಟ್ಟು. ಡಬ್ಬಿಗೆ ಉಪ್ಪಿಟ್ಟು. ರಾತ್ರಿಯೂ ಉಪ್ಪಿಟ್ಟು, ಅದೂ ಒಗ್ಗರಣೆಯಿಲ್ಲದ್ದು. ಮಗಳನ್ನು ಕೇಳಿದ್ದಕ್ಕೆ, ಹೌದು, ಅಪ್ಪ ಭಾನುವಾರ ವರ್ಗದ ಬಗ್ಗೆ ಹೇಳಿದರು ಎಂದಳಂತೆ. ಮಂಗಳವಾರ ಅಟ್ಟದಿಂದ ಹಿತ್ತಾಳೆ ಪಾತ್ರೆಗಳು ಇಳಿದವು, ಉಪ್ಪಿನಕಾಯಿ ಜಾಡಿಗಳ ಬಾಯಿಗೆ ಬಟ್ಟೆ ಕಟ್ಟಲಾಯಿತು. ಹಬ್ಬ ಹತ್ತಿರ ಬಂದಿರಬೇಕು, ಮನೆ ತೊಳೆಯುತ್ತಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಬುಧವಾರ ಸಂಜೆ ಕಚೇರಿಯಿಂದ ಬಂದು ಗೇಟು ತೆಗೆದರೆ ಅಂಗಳದಲ್ಲಿ ನನ್ನ ಮಂಚ! ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಹಾಸಿಗೆ, ಹಾಸಿಗೆಗೆ ಒರಗಿಸಿದ ನನ್ನ ಬಿ.ಎಸ್ಸಿ. ಪದವಿ ಪತ್ರದ ಚೌಕಟ್ಟು. ಒಳಗೆ ಇಬ್ಬರು ಸುಣ್ಣ ಹೊಡೆಯುತ್ತಿದ್ದರು. ನಂಜುಂಡಪ್ಪನವರ ಅಳಿಯ ತನ್ನ ಮಂಚ ಹಿಡಿಸುತ್ತದೆಯೇ ಎಂದು ಕೋಣೆಯನ್ನು ಗೇಣು ಹಾಕಿ ಅಳೆಯುತ್ತಿದ್ದ. ಸುಣ್ಣದ ಘಾಟಿಗೆ ಸಾಮಾನು ಹಾಳಾಗಬಾರದಲ್ಲ, ಹೇಗೂ ಕಟ್ಟೋ ಸಾಮಾನು ಎಂದು ನಂಜುಂಡಪ್ಪನವರು ನಗುತ್ತಾ ನನ್ನ ಕೈಗೆ ಒಂದು ತೆಂಗಿನಕಾಯಿ ಕೊಟ್ಟರು. ಶಾರದಮ್ಮನಿಗೆ ಅವರ ಹೆಸರಿನಲ್ಲಿ ಒಡೆಸಬೇಕಂತೆ.

ಆಮೇಲೆ ಗೊತ್ತಾಯಿತಲ್ಲ, ಸಂಗತಿ ಏನೆಂದು! ನಾನು ಹಾರಾಡಿದೆ. ಕಾನೂನು ಎಂದೆ, ಮಾನವೀಯತೆ ಎಂದೆ, ಒಬ್ಬ ಸಂಸಾರಸ್ಥನ ಮಂಚ ಬೀದಿಗೆ ತರುವುದು ಯಾವ ಶಾಸ್ತ್ರ ಎಂದು ಕೇಳಿದೆ. ನನಗೆ ಯಾವ ವರ್ಗವೂ ಆಗಿಲ್ಲ, ಅವತ್ತು ಆಗುತ್ತಿದ್ದದ್ದು ಎಕ್ಸಿನ ವರ್ಗ ಎಂದು ಬಿಡಿಸಿ ಹೇಳಿದೆ. ಶೃಂಗ ಎಂದರೆ ಊರಲ್ಲ, ಬಾಣಲೆಯ ತಳ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅದು ನಂಬುವ ಮಾತು ಎನ್ನಿಸಲಿಲ್ಲ.

ನಂಜುಂಡಪ್ಪನವರ ಮುಖ ಕಪ್ಪಾಯಿತು. ಶುಕ್ರವಾರವೇ ಮೂರನೇ ತಾರೀಖು, ಅವತ್ತೇ ಹಾಲುಕ್ಕಿಸುವುದಾಗಿ ಬೀಗರಿಗೆಲ್ಲ ಹೇಳಿ ಬಂದಿದ್ದರಂತೆ. "ನೀವೇ ಬಾಯಾರೆ ಹೇಳಿದ್ರಿ ಸ್ವಾಮಿ. ಈಗ ಯಾರನ್ನೋ ಹಿಡ್ದು ವರ್ಗ ಕ್ಯಾನ್ಸಲ್ ಮಾಡಿಸ್ಕಂಡು ಲೆಕ್ಕ ಗಿಕ್ಕ ಅಂತೀರ. ಲೆಕ್ಕಾನೇ ಆದ್ರೆ ಇಲ್ಲೇ ಮಾಡಿ ತೋರ್ಸಿ. ಸರಿಯಾಗಿ ಬಂದ್ರೆ ನಂಬ್ತೀನಿ, ನಿಮ್ಮ ಮನೆ ನಿಮಗೆ."

ಬೀದಿಯ ಜನ ಗೇಟಿಗೆ ಒರಗಿ ನಿಂತಿದ್ದರು. ಒಂದು ಇದ್ದಿಲ ತುಂಡು ತೆಗೆದುಕೊಂಡು ಈಗಷ್ಟೇ ಬಿಳಿಯಾದ ಹೊರಗೋಡೆಯ ಮುಂದೆ ನಿಂತೆ. ಗಣಿತದಿಂದ ಮನೆ ಉಳಿಸಿಕೊಂಡ ಮೊದಲ ಬಾಡಿಗೆದಾರ ನಾನೇ ಆಗುವವನಿದ್ದೆ. ಆರರ ಅರ್ಧ ಮೂರು, ಮೂರರ ವರ್ಗ ಒಂಬತ್ತು ಎಂದು ಮೆರವಣಿಗೆಯ ದನಿಯಲ್ಲಿ ಹೇಳುತ್ತಾ ಬರೆದೆ. ಮಗಳು ಕೇಳಿದ ಪ್ರಶ್ನೆ ನೆನಪಿತ್ತು. ಆ ಒಂಬತ್ತನ್ನು ಈ ಸಲ ಸುಮ್ಮನೆ ಬಿಡಬಾರದು, ಅದಕ್ಕೊಂದು ಗತಿ ಕಾಣಿಸಬೇಕು. ಸರಿ, ಹನ್ನೊಂದಕ್ಕೆ ಕೂಡಿಸಿಬಿಟ್ಟೆ. ಎಕ್ಸ್ ಮೈನಸ್ ಮೂರರ ವರ್ಗ ಪ್ಲಸ್ ಇಪ್ಪತ್ತು!

ಅಳಿಯ ಒಳ್ಳೆಯ ಹುಡುಗ, ಆದರೆ ಸುಮ್ಮನಿರಬಾರದೇ? ಟ್ರಂಕಿನ ಮೇಲಿದ್ದ ಗೀತಾಳ ಪುಸ್ತಕ ತಿರುಗಿಸಿ, ಮಾವ, ಇಲ್ಲಿ ಎರಡು ಅಂತ ಇದೆ ಎಂದ. ಅಚ್ಚಿನ ತಪ್ಪು ಎಂದೆ. ಹಾಗಾದರೆ ಈ ಸ್ಲೇಟಿನ ಮೇಲೆ ಹನ್ನೊಂದು ಅಂತ ಇದೆಯಲ್ಲ ಎಂದು ನನ್ನ ಭಾನುವಾರದ ಸ್ಲೇಟನ್ನೂ ಮಂಚದ ಮೇಲಿಂದ ಎತ್ತಿ ತೋರಿಸಿದ. ನಂಜುಂಡಪ್ಪನವರು ಪುಸ್ತಕ, ಸ್ಲೇಟು, ಗೋಡೆ ಮೂರನ್ನೂ ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ. ಒಳಗಿನ ಕೋಣೆಗೂ ಸುಣ್ಣ ಹೊಡೆಯಿರಿ ಎಂದು ಆಳುಗಳಿಗೆ ಹೇಳಿದರು.

ಮೂರು ದಿನದಿಂದ ಮಾತು ಬಿಟ್ಟಿದ್ದ ಸರೋಜ ಆಗ ಬಾಯಿ ತೆರೆದಳು. ನನ್ನೊಂದಿಗಲ್ಲ.

"ಗೀತಾ, ನಲ್ಲಿ ಕೈಬಿಟ್ಟು ಹೋಗ್ತಾ ಇದೆ. ನಿಮ್ಮಪ್ಪನ ಕೈಯಿಂದ ಆ ಇದ್ದಿಲು ಇಸ್ಕೋ."

ಗೀತಾ ಇದ್ದಿಲು ಮುಟ್ಟಲಿಲ್ಲ. ಬಾಗಿಲ ಬಳಿಯ ರಂಗೋಲಿ ಡಬ್ಬ ತಂದು ಅಂಗಳದಲ್ಲಿ ಒಂದು ದೊಡ್ಡ ಚೌಕ ಎಳೆದಳು. ಭಾನುವಾರ ನಾನು ಅಚ್ಚಿನವರನ್ನು ಬೈಯುತ್ತಿದ್ದಾಗ ಅವಳು ಅಡುಗೆಮನೆಯ ನೆಲದ ಮೇಲೆ ಇದನ್ನೇ ಎಳೆದು ನೋಡಿದ್ದಳಂತೆ. ನನಗೆ ಹೇಳಬಹುದಿತ್ತಲ್ಲ? ಹೇಳಲು ಬಂದಳಂತೆ, ನಾನು ಕೂಗುತ್ತಿದ್ದೆನಂತೆ.

"ತಾತ, ಇದು ನಿಮ್ಮ ಸೈಟು ಅಂದ್ಕೊಳ್ಳಿ. ಮೂಲೆ ಸೈಟು. ಎಲ್ಲ ಕಡೆ ಎಕ್ಸ್ ಅಡಿ. ಎರಡು ಕಡೆ ರಸ್ತೆ. ರಸ್ತೆ ಅಗಲ ಮಾಡೋಕೆ ಈ ಕಡೆ ಮೂರಡಿ ಪಟ್ಟಿ ತಗೊಂಡ್ರು, ಆ ಕಡೆ ಮೂರಡಿ ಪಟ್ಟಿ ತಗೊಂಡ್ರು. ಒಂದೊಂದು ಪಟ್ಟೀಲೂ ಮೂರು ಎಕ್ಸ್. ಎರಡೂ ಸೇರಿ ಆರು ಎಕ್ಸ್ ಹೋಯ್ತು."

ನಂಜುಂಡಪ್ಪನವರು ಕುಕ್ಕರುಗಾಲಲ್ಲಿ ಕೂತರು. ಅವರ ಸೈಟು ನಿಜಕ್ಕೂ ಮೂಲೆಯದು, ರಸ್ತೆಗೆ ಎರಡು ಕಡೆಯೂ ಜಾಗ ಹೋಗಿತ್ತು. ನನ್ನ ಲೆಕ್ಕ ನಡೆಯುವಾಗ ಆಕಳಿಸುತ್ತಿದ್ದವರು ಈಗ ಕಣ್ಣು ಮಿಟುಕಿಸಲಿಲ್ಲ.

"ಈಗ ಈ ಮೂಲೆ ನೋಡಿ," ಎಂದು ಗೀತಾ ಎರಡು ಪಟ್ಟಿಗಳು ಕೂಡುವ ಜಾಗದಲ್ಲಿ ಬೆರಳಿಟ್ಟಳು. "ಈ ಪಟ್ಟೀಲೂ ಇದೆ, ಆ ಪಟ್ಟೀಲೂ ಇದೆ. ಇರೋದು ಒಂದೇ ಮೂಲೆ, ಕಳೆದಿರೋದು ಎರಡು ಸಲ. ಅದಕ್ಕೆ ಒಂದು ಸಲದ್ದು ವಾಪಸ್ ಕೊಡ್ಬೇಕು. ಮೂರು ಮೂರ್ಲಿ ಒಂಬತ್ತು. ಲೆಕ್ಕದಲ್ಲಿ ಹನ್ನೊಂದು ಕೊಟ್ಟಿದಾರಲ್ಲ, ಅದರಲ್ಲಿ ಒಂಬತ್ತು ಮೂಲೆಗೆ ಹೋಯ್ತು, ಚೌಕ ಪೂರ್ತಿ ಆಯ್ತು. ಮಿಕ್ಕಿದ್ದು ಎರಡು."

ಎರಡು! ಗೇಟಿನ ಬಳಿಯಿಂದ ಯಾರೋ ಭೇಷ್ ಎಂದರು. ಎಕ್ಸ್ ಮೂರೇ ಅಡಿ ಆದರೆ ಸೈಟೆಲ್ಲ ರಸ್ತೆಗೇ ಹೋಗಿ ಕೈಯಲ್ಲಿ ಆ ಎರಡು ಮಾತ್ರ ಉಳಿಯುತ್ತದೆ, ಅದಕ್ಕಿಂತ ಕೆಳಗೆ ಲೆಕ್ಕ ಇಳಿಯುವುದಿಲ್ಲ, ಆ ತಳವೇ ಶೃಂಗ ಎಂದು ಅವಳು ಮುಗಿಸಿದಳು. ಮೂರಕ್ಕೆ ಎಂದು ಅಪ್ಪ ಹೇಳಿದ್ದು ಅದೇ ತಾತ, ಶೃಂಗೇರಿ ಅಲ್ಲ ಎಂದೂ ಸೇರಿಸಿದಳು. ಮಗಳು ನನ್ನ ಮಾನ ಕಾಪಾಡಿದಳು. ನೋಡಿದಿರಾ ಎಂಬಂತೆ ನಂಜುಂಡಪ್ಪನವರ ಕಡೆ ತಿರುಗಿದೆ.

ಅವರು ನನ್ನ ಮಂಚದ ಮೇಲೆ ಕೂತುಬಿಟ್ಟಿದ್ದರು. ಹಾಲುಕ್ಕಿಸುವುದು, ಬೀಗರು, ಶೃಂಗೇರಿ ಯಾವುದೂ ಅವರ ಮುಖದಲ್ಲಿ ಇರಲಿಲ್ಲ.

"ನನ್ನ ಮೂಲೇನ ಎರಡು ಸಲ ಹಿಡಿದವ್ರೆ ಕಣವ್ವ," ಎಂದರು ನಿಧಾನವಾಗಿ. "ಈ ಕಡೆ ಅಳದ್ರು, ಬರಕಂಡ್ರು. ಆ ಕಡೆ ಅಳದ್ರು, ಬರಕಂಡ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರಿಗೆ ಮಜ್ಜಿಗೆ ಬೇರೆ ಕೊಟ್ಟೆ."

ಆಮೇಲೆ ಅಂಗಳದಲ್ಲಿ ಎದ್ದ ಕೂಗಿನ ಮುಂದೆ ನನ್ನ ಕೂಗು ಯಾವ ಲೆಕ್ಕಕ್ಕೂ ಇಲ್ಲ. ಅಪ್ಪನ ಕಾಲದಿಂದ ಇಂಚಿಂಚು ಕಳೆದುಕೊಂಡು ಬಂದವರು, ಕೊನೆಗೆ ಒಂದೇ ಮೂಲೆಯನ್ನು ಎರಡು ಸಲ ಕಳೆದುಕೊಂಡಿದ್ದರು! ಅವರಿಗೆ ಕಣ್ಣಲ್ಲಿ ನೀರೇ ಬಂತು. ಸುಣ್ಣದವರನ್ನು ನಿಲ್ಲಿಸಿದರು. ಮನೆಯ ಒಂದು ಕೋಣೆ ಬಿಳಿ, ಇನ್ನೊಂದು ಹೊಗೆಯ ಬಣ್ಣ, ಹಾಗೇ ಉಳಿಯಿತು. ಹಾಲು ನಂದಿನಿ ಲೇಔಟಿನಲ್ಲೇ ಉಕ್ಕಲಿ ಎಂದು ಅಳಿಯನಿಗೆ ಹೇಳಿದರು. ಅಳಿಯನಿಗೂ ಮಾವನ ಮಗ್ಗುಲಲ್ಲಿರುವುದು ಅಷ್ಟೇನೂ ಬೇಕಿರಲಿಲ್ಲ ಎಂದು ಕಾಣುತ್ತದೆ, ನನ್ನ ಮಂಚವನ್ನು ಒಳಗೆ ಹೊರಲು ಅವನೇ ಮೊದಲು ಕೈ ಹಾಕಿದ. ನನ್ನ ಕೈಯಲ್ಲಿದ್ದ ತೆಂಗಿನಕಾಯನ್ನು ಸರೋಜ ಕಿತ್ತುಕೊಂಡು ಹೋದಳು. ಅಂದು ರಾತ್ರಿ ಉಪ್ಪಿಟ್ಟು ಇರಲಿಲ್ಲ, ಕಾಯಿ ಚಟ್ನಿಯ ಜೊತೆ ದೋಸೆ ಇತ್ತು. ನನಗೂ ಎರಡು ಹಾಕಿದಳು.

ಮನೆಯ ವಿಷಯಕ್ಕೆ ನಂಜುಂಡಪ್ಪನವರು ಎಲ್ಲರ ಎದುರಿಗೇ ಮಾತು ಕೊಟ್ಟರು. ಗೀತಾಳ ಓದು ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಮನೆ ಅವಳದು, ಬಿಡಿ ಎಂದು ಯಾರೂ ಕೇಳುವುದಿಲ್ಲ. ನಾನು ಧನ್ಯವಾದ ಹೇಳಲು ಮುಂದೆ ಬಂದೆ. "ನೀವೂ ಇರಿ ಸ್ವಾಮಿ, ಪರವಾಗಿಲ್ಲ," ಎಂದರು. ಆ ಕ್ಷಣದಿಂದ ಸರೋಜ ಮಗಳಿಗೆ ಒಂದು ಲೋಟವನ್ನೂ ತೊಳೆಯಲು ಬಿಡಲಿಲ್ಲ. ಪಿಯುಸಿ, ಬಿ.ಎಸ್ಸಿ., ಎಂ.ಎಸ್ಸಿ. ಎಂದು ಬೆರಳು ಮಡಿಸಿ, ನಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದಳು.

ಮರುದಿನ ಸಂಜೆ ನಂಜುಂಡಪ್ಪನವರು ಮೂಲೆಯನ್ನು ವಾಪಸ್ಸು ಕೇಳಿ ಅರ್ಜಿ ಹಾಕಬೇಕೆಂದು ಬಂದರು. ಕುರ್ಚಿಯಲ್ಲಿ ಗೀತಾಳನ್ನು ಕೂರಿಸಿದರು. ನಾನು ಎದ್ದು ನಿಂತೆ, ಗಣಿತದ ಪದವೀಧರನಾಗಿ ಇಂಥ ಸಮಯದಲ್ಲಿ ನನ್ನ ಕರ್ತವ್ಯವೂ ಇದೆ ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ನನಗೆ ಕೊಟ್ಟರು.

"ನಿಮ್ಮ ಅಕ್ಷರ ದುಂಡಗೈತೆ ಅಂತ ಕೇಳಿದೀನಿ. ಮಗು ಹೇಳ್ತದೆ, ನೀವು ಬರ್ಕಳ್ಳಿ. ಅಂಕಿ ಬಂದಾಗ ಮಾತ್ರ ಪೆನ್ನು ಅವಳ ಕೈಗೆ ಕೊಟ್ಬುಡಿ."

ಕೊಟ್ಟೆ.